ಪಮೇಲಾಗೆ ಇಷ್ಟೇ ಪುಟ ಯಾಕೆ?

ನಮ್ಮ ತವರಿನಲ್ಲಿ ಐದು ಜನ ಹೆಣ್ಣುಮಕ್ಕಳು, ಒಬ್ಬ ತಮ್ಮ. ನಾನು ಮೂರನೆಯವಳು. ಆರು ಹೆಣ್ಣು, ಒಂದು ಗಂಡು ಇದ್ದ ಇಂಗ್ಲೆಂಡಿನ ಒಂದು ದೊಡ್ಡ ಮನೆಯ ಕಥೆ ಅಂತ ಗೊತ್ತಾದ ದಿನವೇ ಈ ಪುಸ್ತಕ ತರಿಸಲು ಮನಸ್ಸು ಮಾಡಿದೆ. ಮೇರಿ ಎಸ್. ಲೋವೆಲ್ ಬರೆದ 'ದಿ ಮಿಟ್‌ಫರ್ಡ್ ಗರ್ಲ್ಸ್'. 2001ರಲ್ಲಿ ಬಂದ ಪುಸ್ತಕ. ಅಮೆರಿಕದಲ್ಲಿ ಇದೇ ಪುಸ್ತಕ 'ದಿ ಸಿಸ್ಟರ್ಸ್' ಅನ್ನೋ ಹೆಸರಲ್ಲಿ ಸಿಗುತ್ತದೆ. ಎರಡೂ ಬೇರೆ ಬೇರೆ ಅಂದುಕೊಂಡು ಎರಡನ್ನೂ ಕೊಳ್ಳಬೇಡಿ.

ಶಿರಸಿಯ ಅಂಗಡಿಗಳಲ್ಲಿ ಸಿಗಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದೆ. ನಮ್ಮೂರು ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ. ಕೊರಿಯರ್‌ನವರು ಕ್ರಾಸಿನ ಕಿರಾಣಿ ಅಂಗಡಿಯಲ್ಲಿ ಇಟ್ಟುಹೋಗಿದ್ದರು. ಒಂದು ಮೂಲೆ ನೆನೆದು ಉಬ್ಬಿತ್ತು. ಪುಟ ಮಾತ್ರ ಹರಿದಿರಲಿಲ್ಲ. ಆರುನೂರರ ಹತ್ತಿರ ಪುಟ, ಸಣ್ಣ ಅಕ್ಷರ. ರಾತ್ರಿ ದೀಪದಲ್ಲಿ ನನ್ನ ವಯಸ್ಸಿನ ಕಣ್ಣಿಗೆ ಕಷ್ಟವೇ. ಕನ್ನಡಕದ ನಂಬರ್ ಬದಲಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿಕೊಂಡು ಶುರು ಮಾಡಿ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ಈಗಲೂ ಊರಲ್ಲಿ ಎಲ್ಲರೂ ಅಕ್ಕೋರು ಅಂತಲೇ ಕರೆಯುವುದು. ಈ ಪುಸ್ತಕವನ್ನು ನಾನು ಒಬ್ಬಳೇ ಓದಲಿಲ್ಲ. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಕೊನೆಕೊಯ್ಲು. ಕೊಯ್ದ ಅಡಿಕೆಯನ್ನು ರಾತ್ರಿ ಕೂತು ಸುಲಿಯಬೇಕು. ನಮ್ಮ ಮನೆಯ ಅಂಗಳದ ಚಪ್ಪರದಡಿ ಏಳೆಂಟು ಜನ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಿದ್ದರು. ನಾನು ಹಗಲು ಓದಿದ್ದನ್ನು ರಾತ್ರಿ ಕನ್ನಡದಲ್ಲಿ ಹೇಳುತ್ತಿದ್ದೆ. ಇಪ್ಪತ್ತೆರಡು ರಾತ್ರಿ ಆಯಿತು. ಹಾಗಾಗಿ ಇಲ್ಲಿ ಬರೆಯುತ್ತಿರುವುದು ನನ್ನ ಒಬ್ಬಳ ಅಭಿಪ್ರಾಯ ಅಲ್ಲ. ಆ ಚಪ್ಪರದಡಿ ಕೂತವರೆಲ್ಲರ ಮಾತೂ ಇದರಲ್ಲಿದೆ.

ಮೊದಲು ಆ ಮನೆಯ ಪರಿಚಯ. ಅಪ್ಪ ಡೇವಿಡ್, ರೆಡ್ಸ್‌ಡೇಲ್ ಅನ್ನೋ ಪದವಿಯ ಲಾರ್ಡ್. ತಾಯಿ ಸಿಡ್ನಿ. 1904ರಲ್ಲಿ ಹುಟ್ಟಿದ ನ್ಯಾನ್ಸಿ ದೊಡ್ಡವಳು. ಆಮೇಲೆ 1907ರಲ್ಲಿ ಪಮೇಲಾ. 1909ರಲ್ಲಿ ಒಬ್ಬನೇ ಮಗ ಟಾಮ್. 1910ರಲ್ಲಿ ಡಯಾನಾ, 1914ರಲ್ಲಿ ಯೂನಿಟಿ, 1917ರಲ್ಲಿ ಜೆಸಿಕಾ. ಕೊನೆಯವಳು ಡೆಬೊರಾ, 1920. ನ್ಯಾನ್ಸಿ ಕಾದಂಬರಿಗಾರ್ತಿ ಆದಳು. ಡಯಾನಾ ಬ್ರಿಟನ್ನಿನ ಫ್ಯಾಸಿಸ್ಟ್ ನಾಯಕ ಓಸ್ವಾಲ್ಡ್ ಮೋಸ್ಲಿಯನ್ನು ಮದುವೆಯಾದಳು. ಯೂನಿಟಿ ಹಿಟ್ಲರನ ಹಿಂದೆ ಹೋದಳು. ಜೆಸಿಕಾ ಕಮ್ಯುನಿಸ್ಟ್ ಆದಳು. ಡೆಬೊರಾ ಡೆವನ್‌ಶೈರ್‌ನ ಡಚೆಸ್ ಆದಳು. ಪಮೇಲಾ ಹಸು, ಕೋಳಿ, ತೋಟ ನೋಡಿಕೊಂಡಳು.

ಒಂದೇ ಮನೆ, ಒಂದೇ ಊಟ, ಒಂದೇ ಪಾಠ. ಆದರೂ ಆರು ಜನ ಆರು ದಿಕ್ಕು. ಹೇಗೆ ಅನ್ನೋದೇ ಪುಸ್ತಕದ ತಿರುಳು.

ಓದಲು ಮೊದಲ ಕಷ್ಟ ಹೆಸರುಗಳದ್ದು. ಒಬ್ಬೊಬ್ಬರಿಗೂ ನಾಲ್ಕೈದು ಅಡ್ಡಹೆಸರು. ಜೆಸಿಕಾ ಅಂದರೆ ಡೆಕ್ಕಾ. ಡೆಬೊರಾ ಅಂದರೆ ಡೆಬೋ. ಪಮೇಲಾಗೆ 'ವುಮನ್', ಅಂದರೆ 'ಹೆಂಗಸು' ಅಂತಲೇ ಹೆಸರು. ಯೂನಿಟಿ ಒಬ್ಬರಿಗೆ ಬೋಬೋ, ಇನ್ನೊಬ್ಬರಿಗೆ ಬೌಡ್. ನಾನು ಹಳೆ ಕ್ಯಾಲೆಂಡರಿನ ಹಿಂದೆ ವಂಶಾವಳಿ ಬರೆದು, ಪ್ರತಿ ಹೆಸರಿನ ಕೆಳಗೆ ಅಡ್ಡಹೆಸರು ಬರೆದು ಗೋಡೆಗೆ ಅಂಟಿಸಿದೆ. ನೀವೂ ಹಾಗೇ ಮಾಡಿ, ತುಂಬಾ ಸಹಾಯ ಆಗುತ್ತದೆ. ನಮ್ಮ ಚಪ್ಪರದವರಿಗೆ ಈ ವಿಷಯ ಕಷ್ಟವೇ ಆಗಲಿಲ್ಲ. ನಮ್ಮಲ್ಲೂ ಒಬ್ಬಳೇ ಹುಡುಗಿ ತವರಲ್ಲಿ ಕೂಸು, ಗಂಡನ ಮನೆಯಲ್ಲಿ ಅತ್ತಿಗೆ, ಶಾಲೆಯಲ್ಲಿ ಇನ್ನೇನೋ ಅಲ್ವಾ?

ಬಾಲ್ಯದ ಭಾಗ ಈ ಪುಸ್ತಕದ ಬಹಳ ಒಳ್ಳೆಯ ಭಾಗ. ಸುಮಾರು ನೂರು ಪುಟ ನಾನು ಕೆಳಗಿಡದೇ ಓದಿದೆ. ಟಾಮ್‌ನನ್ನು ಈಟನ್ ಶಾಲೆಗೆ ಕಳಿಸಿದರು. ಹುಡುಗಿಯರಿಗೆ ಹೆಚ್ಚಾಗಿ ಮನೆಯಲ್ಲೇ ಪಾಠ. ಜೆಸಿಕಾ ಶಾಲೆಗೆ ಕಳಿಸಿ ಅಂತ ಎಷ್ಟೋ ಸಲ ಬೇಡಿಕೊಂಡಳು. ಕಳಿಸಲಿಲ್ಲ. ಪಾಠ ಹೇಳುವ ಹೆಂಗಸಿಗೆ ಸಂಬಳ ಎಲ್ಲಿಂದ ಬರುತ್ತಿತ್ತು ಗೊತ್ತಾ? ತಾಯಿ ಸಿಡ್ನಿ ಕೋಳಿ ಸಾಕುತ್ತಿದ್ದಳು. ಆ ಮೊಟ್ಟೆ ಮಾರಿದ ದುಡ್ಡಿನಿಂದ. ಲಾರ್ಡ್‌ನ ಹೆಂಡತಿ, ಆದರೂ ಮೊಟ್ಟೆ ಲೆಕ್ಕ ಇಟ್ಟು ಮಕ್ಕಳ ಪಾಠ ನಡೆಸಿದಳು.

ಇದನ್ನು ಹೇಳಿದಾಗ ನಮ್ಮ ದೊಡ್ಡತ್ತೆ ಅಡಿಕೆ ಸುಲಿಯುವುದನ್ನು ನಿಲ್ಲಿಸಿದರು. ಅವರಿಗೆ ಎಪ್ಪತ್ತೊಂಬತ್ತು. ಎಮ್ಮೆ ಹಾಲು ಮಾರಿ, ಆ ದುಡ್ಡನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮಗಳನ್ನು ಶಿರಸಿಯ ಕಾಲೇಜಿಗೆ ಕಳಿಸಿದವರು. "ದೊಡ್ಡ ಮನೆ ಅಂದ್ರೂ ಹೆಂಗಸಿನ ಕೈಯಲ್ಲಿ ಅಷ್ಟೇ ದುಡ್ಡು" ಅಂದರು. ಅಲ್ಲಿಂದ ಅವರಿಗೆ ಈ ಪುಸ್ತಕ ಸಿಡ್ನಿಯ ಕಥೆ ಆಯಿತು. ಮಕ್ಕಳ ಸುದ್ದಿ ಎಷ್ಟು ಹೇಳಿದರೂ ಕೊನೆಗೆ "ಆಗ ಅವರ ಆಯಿ ಎಂತ ಮಾಡಿದ್ಲು?" ಅಂತ ಕೇಳುತ್ತಿದ್ದರು. ಅವರು ಕೇಳದೇ ಹೋಗಿದ್ದರೆ ನಾನು ಆ ತಾಯಿಯನ್ನು ಅಷ್ಟು ಗಮನಿಸುತ್ತಲೇ ಇರಲಿಲ್ಲ.

ಮನೆಯಲ್ಲಿ ಬಟ್ಟೆ ಇಡುವ ಒಂದು ಕಪಾಟಿನಂಥ ಸಣ್ಣ ಕೋಣೆ. ಬಿಸಿನೀರಿನ ಕೊಳವೆ ಹಾದುಹೋಗುವುದರಿಂದ ಅಲ್ಲಿ ಮಾತ್ರ ಬೆಚ್ಚಗೆ. ಉಳಿದ ಮನೆ ಪೂರ್ತಿ ಚಳಿ. ಹುಡುಗಿಯರು ಅದರೊಳಗೆ ತೂರಿಕೊಂಡು ಗುಟ್ಟು ಮಾತಾಡುತ್ತಿದ್ದರು. ಯೂನಿಟಿ, ಜೆಸಿಕಾ ಇಬ್ಬರೂ ತಮ್ಮದೇ ಒಂದು ಭಾಷೆ ಕಟ್ಟಿಕೊಂಡಿದ್ದರು. ನಮ್ಮ ತವರಿನಲ್ಲಿ ಬಚ್ಚಲ ಒಲೆಯ ಮೇಲಿನ ಅಟ್ಟ ಹಾಗಿತ್ತು. ಮಳೆಗಾಲದಲ್ಲಿ ಹಸಿ ಬಟ್ಟೆ, ಹಪ್ಪಳದ ಡಬ್ಬಿ, ನಾವು ಐದು ಜನ, ಎಲ್ಲ ಅಲ್ಲೇ. ಕೆಳಗಿಂದ ಹೊಗೆ, ಮೇಲೆ ಹಂಚಿನ ಮೇಲೆ ಮಳೆಯ ಸದ್ದು. ನಾನು ಮತ್ತು ಎರಡನೇ ಅಕ್ಕ 'ಗ' ಸೇರಿಸಿ ಮಾತಾಡುತ್ತಿದ್ದೆವು. ಆಯಿಗೆ ಅರ್ಥವಾಗುತ್ತಿರಲಿಲ್ಲ. ಈ ಪುಟಗಳನ್ನು ಓದುವಾಗ ಆ ಹೊಗೆಯ ವಾಸನೆ ಬಂತು.

ಮತ್ತೆ ಆ ಕೋಣೆಯ ಗೆರೆ. ಯೂನಿಟಿ ಮತ್ತು ಜೆಸಿಕಾ ಒಂದೇ ಕೋಣೆ ಹಂಚಿಕೊಂಡಿದ್ದರು. ನಡುವೆ ಗೆರೆ. ಒಂದು ಕಡೆ ಸ್ವಸ್ತಿಕದ ನಾಜಿ ಗುರುತು, ಹಿಟ್ಲರನ ಪಟ. ಇನ್ನೊಂದು ಕಡೆ ಸುತ್ತಿಗೆ ಕುಡುಗೋಲು, ಲೆನಿನ್. ವಜ್ರದ ಉಂಗುರದಿಂದ ಕಿಟಕಿ ಗಾಜಿನ ಮೇಲೆ ತಮ್ಮ ತಮ್ಮ ಗುರುತು ಕೊರೆದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಪ್ರೀತಿಸುತ್ತಿದ್ದರು ಅನ್ನೋದು ನನಗೆ ಬಿಡಿಸಲಾಗದ ಒಗಟು. ಲೋವೆಲ್ ಇದನ್ನು ಬಿಡಿಸುವ ಗೋಜಿಗೆ ಹೋಗುವುದಿಲ್ಲ. ಹೇಗಿತ್ತೋ ಹಾಗೆ ಇಡುತ್ತಾರೆ. ಅದು ನನಗೆ ಇಷ್ಟವಾಯಿತು.

ಇನ್ನು ಜೆಸಿಕಾ. ಪಕ್ಕದ ಮನೆಯ ಸೊಸೆ ಮನೆಯಿಂದಲೇ ಬೆಂಗಳೂರಿನ ಕಂಪನಿ ಕೆಲಸ ಮಾಡುತ್ತಾಳೆ. ರಾತ್ರಿ ಮೀಟಿಂಗ್ ಇಲ್ಲದ ದಿನ ಬಂದು ಕೂರುತ್ತಿದ್ದಳು. ಅವಳಿಗೆ ಜೆಸಿಕಾ ಅಂದರೆ ಪ್ರಾಣ. ಹನ್ನೆರಡು ವರ್ಷದ ಹುಡುಗಿ ಬ್ಯಾಂಕಿನಲ್ಲಿ 'ಓಡಿಹೋಗುವ ಖಾತೆ' ತೆರೆದಿದ್ದಳು ಅಂತ ಹೇಳಿದಾಗ ಚಪ್ಪಾಳೆಯೇ ಹೊಡೆದಳು. 1937ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಜೆಸಿಕಾ ಆ ದುಡ್ಡು ತೆಗೆದುಕೊಂಡು ಎಸ್ಮಂಡ್ ರೋಮಿಲಿ ಅನ್ನೋ ಹುಡುಗನ ಜೊತೆ ಸ್ಪೇನಿನ ಅಂತರ್ಯುದ್ಧದ ಕಡೆಗೆ ಓಡಿಹೋದಳು. ಅವನು ಚರ್ಚಿಲ್ ಹೆಂಡತಿಯ ಅಕ್ಕನ... ಇಲ್ಲಿ ನಾನೂ ಕ್ಯಾಲೆಂಡರ್ ನೋಡಬೇಕಾಯಿತು. ಚರ್ಚಿಲ್ ಹೆಂಡತಿಯ ತಂಗಿಯ ಮಗ. ವಾಪಸ್ ಕರೆತರಲು ಬ್ರಿಟನ್ ಸರ್ಕಾರ ಯುದ್ಧನೌಕೆಯನ್ನೇ ಕಳಿಸಿತು. ಹುಡುಗಿ ಹತ್ತಲಿಲ್ಲ.

ಆ ಭಾಗ ಸಿನಿಮಾದ ಹಾಗೆ ಓಡುತ್ತದೆ. ಆದರೆ ಅದರ ಮುಂದಿನ ಪುಟಗಳು ನನಗೆ ಬಹಳ ಭಾರವಾದವು. ಮೊದಲ ಕೂಸು ಜೂಲಿಯಾ ಕೆಲವೇ ತಿಂಗಳಿಗೆ ದಡಾರದಿಂದ ತೀರಿಕೊಂಡಿತು. 1939ರಲ್ಲಿ ಗಂಡ ಹೆಂಡತಿ ಅಮೆರಿಕಕ್ಕೆ ಹೋದರು. 1941ರಲ್ಲಿ ಎಸ್ಮಂಡ್ ಬಾಂಬರ್ ವಿಮಾನದಲ್ಲಿ ಹೋದವನು ಉತ್ತರ ಸಮುದ್ರದ ಮೇಲೆ ಕಾಣೆಯಾದ. ಕೈಯಲ್ಲಿ ವರ್ಷವೂ ತುಂಬದ ಇನ್ನೊಂದು ಹೆಣ್ಣು ಮಗು. ಪಕ್ಕದ ಮನೆ ಸೊಸೆ ಆ ರಾತ್ರಿ ಮಾತಾಡಲಿಲ್ಲ. ತನ್ನ ಮಗು ಮಲಗಿದೆಯಾ ಅಂತ ಎರಡು ಸಲ ಎದ್ದು ಹೋಗಿ ನೋಡಿ ಬಂದಳು. ಜೆಸಿಕಾ ಮುಂದೆ ಅಮೆರಿಕದಲ್ಲೇ ವಕೀಲನೊಬ್ಬನನ್ನು ಮದುವೆಯಾಗಿ, ಕಮ್ಯುನಿಸ್ಟ್ ಪಕ್ಷ ಸೇರಿ, ಹೆಣ ಹೂಳುವ ಹೆಸರಲ್ಲಿ ಕಂಪನಿಗಳು ಮಾಡುವ ಸುಲಿಗೆಯ ಬಗ್ಗೆ 1963ರಲ್ಲಿ ಪುಸ್ತಕ ಬರೆದು ಹೆಸರು ಮಾಡಿದಳು. ಅದೆಲ್ಲ ಪುಸ್ತಕದಲ್ಲಿ ವಿವರವಾಗಿದೆ.

ಯೂನಿಟಿಯ ಭಾಗ ಓದಲು ಗಟ್ಟಿ ಮನಸ್ಸು ಬೇಕು. ಮ್ಯೂನಿಕ್‌ಗೆ ಹೋಗಿ, ಹಿಟ್ಲರ್ ಊಟಕ್ಕೆ ಬರುವ ಹೋಟೆಲಿನಲ್ಲಿ ದಿನಾ ಹೋಗಿ ಕೂತು, ಅವನ ಪರಿಚಯ ಮಾಡಿಕೊಂಡಳು. ಯಹೂದಿಗಳ ಮೇಲಿನ ದ್ವೇಷವನ್ನು ಪತ್ರಿಕೆಗೆ ತನ್ನ ಹೆಸರು ಹಾಕಿಯೇ ಬರೆದಳು. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿತು. ಅದೇ ದಿನ ಮ್ಯೂನಿಕ್‌ನ ಪಾರ್ಕಿನಲ್ಲಿ ತಲೆಗೆ ಗುಂಡು ಹೊಡೆದುಕೊಂಡಳು. ಸಾಯಲಿಲ್ಲ. ಗುಂಡು ಮಿದುಳಿನಲ್ಲೇ ಉಳಿಯಿತು. 1940ರ ಜನವರಿಯಲ್ಲಿ ಊರಿಗೆ ಕರೆತಂದರು. ಇಪ್ಪತ್ತೈದು ವರ್ಷದ ಮಗಳು ಸಣ್ಣ ಮಗುವಿನ ಹಾಗೆ. ಎಂಟು ವರ್ಷ ನೋಡಿಕೊಂಡವಳು ತಾಯಿ ಸಿಡ್ನಿ. 1948ರಲ್ಲಿ ಆ ಗುಂಡಿನ ಸೋಂಕಿನಿಂದಲೇ ಯೂನಿಟಿ ತೀರಿಕೊಂಡಳು.

ದೊಡ್ಡತ್ತೆಗೆ ಹಿಟ್ಲರ್ ಯಾರು ಅಂತ ಹೇಳಬೇಕಾಗಲಿಲ್ಲ. ಅವರು ಕೇಳಿದ್ದು ಬೇರೆ. ಮಗಳ ಬಟ್ಟೆ, ಹಾಸಿಗೆ ಎಲ್ಲ ಆ ತಾಯಿಯೇ ಒಗೆಯುತ್ತಿದ್ದಳಾ ಅಂತ. ಹೌದು, ರಾತ್ರಿ ಒದ್ದೆಯಾದ ಹಾಸಿಗೆಯನ್ನೂ ಅವಳೇ ನೋಡಿಕೊಳ್ಳಬೇಕಿತ್ತು ಅಂದೆ. "ಅವ್ಳ ಹೊಟ್ಟೆ ಉರಿ ಯಾರಿಗೆ ಗೊತ್ತಾಗ್ತು" ಅಂದರು. ಸಿಡ್ನಿ ಕೂಡ ಹಿಟ್ಲರನನ್ನು ಮೆಚ್ಚಿದವಳೇ, ಕೊನೆಗೂ ಅದನ್ನು ಪೂರ್ತಿ ಬಿಡಲಿಲ್ಲ, ಅದಕ್ಕೇ ಗಂಡನಿಂದ ಬೇರೆಯಾಗಿ ಬದುಕಿದಳು ಅಂತಲೂ ಹೇಳಿದೆ. ಅತ್ತೆ ಬಹಳ ಹೊತ್ತು ಸುಮ್ಮನಿದ್ದರು.

ಡಯಾನಾ ವಿಷಯಕ್ಕೆ ಬಂದಾಗ ನಮ್ಮಲ್ಲಿ ಜಗಳವೇ ಆಯಿತು. ಆ ವಾರ ಕಾರವಾರದಿಂದ ನನ್ನ ಗೆಳತಿ ಬಂದಿದ್ದಳು. ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವಳು. ಬರುವಾಗ ಒಂದು ಡಬ್ಬಿ ಒಣ ಮೀನಿನ ಚಟ್ನಿ ತಂದಿದ್ದಳು. ನಮ್ಮ ಮನೆಯಲ್ಲಿ ತಿನ್ನುವುದಿಲ್ಲ ಅಂತ ಗೊತ್ತಿದ್ದರಿಂದ ಕೆಲಸಕ್ಕೆ ಬರುವವರಿಗೆ ಕೊಟ್ಟಳು. ಅವಳು ಪುಸ್ತಕವನ್ನು ಕಾರವಾರದಲ್ಲೇ ಮೊದಲೇ ಓದಿದ್ದಳು. ಬಹಳ ಸಿಟ್ಟಿನಲ್ಲಿದ್ದಳು.

ಅವಳ ವಾದ ಹೀಗೆ. ಡಯಾನಾ ಎರಡನೇ ಮದುವೆ ಮಾಡಿಕೊಂಡಿದ್ದು 1936ರಲ್ಲಿ ಬರ್ಲಿನ್‌ನಲ್ಲಿ, ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಮನೆಯಲ್ಲಿ. ಹಿಟ್ಲರ್ ಅತಿಥಿ. ಅರುವತ್ತು ಲಕ್ಷ ಯಹೂದಿಗಳನ್ನು ಕೊಂದ ಮೇಲೂ, ಅದೆಲ್ಲ ಜಗತ್ತಿಗೆ ಗೊತ್ತಾದ ಮೇಲೂ, 2003ರಲ್ಲಿ ಸಾಯುವವರೆಗೆ ಅವಳು ಹಿಟ್ಲರನ ಸ್ನೇಹವನ್ನು ಅಲ್ಲಗಳೆಯಲಿಲ್ಲ. ಲೋವೆಲ್ ಈ ಪುಸ್ತಕಕ್ಕಾಗಿ ಡಯಾನಾಳನ್ನು ಭೇಟಿ ಮಾಡಿ ಮಾತಾಡಿದ್ದಾರೆ. ಆ ಮುದುಕಿಯ ಚೆಲುವು, ನಯ, ನಗು ಬರೆಯುವವರ ಕೈಯನ್ನು ಮೆದು ಮಾಡಿದೆ ಅಂತ ಗೆಳತಿಯ ದೂರು. "ಎದುರು ಕೂತು ಚಹಾ ಕುಡಿದವರ ಬಗ್ಗೆ ಕಟುವಾಗಿ ಬರೆಯೋದು ಕಷ್ಟ. ಆದರೆ ಅದು ಬರೆಯುವವರ ಕೆಲಸ ಅಲ್ವಾ?" ಅಂದಳು.

ನಾನು ಪುಸ್ತಕದ ಪರ ನಿಂತೆ. 1940ರಲ್ಲಿ ಡಯಾನಾಳನ್ನು ಲಂಡನ್ನಿನ ಹಾಲೋವೇ ಜೈಲಿಗೆ ಹಾಕಿದಾಗ ಅವಳ ಸಣ್ಣ ಮಗುವಿಗೆ ಹನ್ನೊಂದು ವಾರ. ಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗಬೇಕಾಯಿತು. ಅದನ್ನು ಮರುಕದಿಂದ ಬರೆಯುವುದು ತಪ್ಪಲ್ಲ ಅಂದೆ. ಗೆಳತಿ ಹೇಳಿದಳು, ಮರುಕ ಬೇಡ ಅನ್ನುತ್ತಿಲ್ಲ, ಅದೇ ಹೊತ್ತಿಗೆ ಜರ್ಮನಿಯಲ್ಲಿ ಜೈಲಿಗೆ ಹೋದ ತಾಯಂದಿರ ಕೂಸುಗಳು ಎಲ್ಲಿಗೆ ಹೋದವು ಅಂತ ಅದೇ ಪುಟದಲ್ಲಿ ಒಂದು ಸಾಲು ಇರಬೇಕಿತ್ತು. ನಾನು ಎರಡು ದಿನ ಯೋಚಿಸಿದೆ. ಆ ಅಧ್ಯಾಯ ಮತ್ತೆ ಓದಿದೆ. ಈಗ ನಾನೂ ಅವಳ ಮಾತನ್ನು ಒಪ್ಪುತ್ತೇನೆ. ಡಯಾನಾ ಬಗ್ಗೆ ಪುಸ್ತಕ ಮೆದುವಾಗಿದೆ. ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಡಯಾನಾಳ ಬಂಧನದಲ್ಲಿ ಇನ್ನೊಂದು ವಿಷಯ ಇದೆ. ಅಕ್ಕ ನ್ಯಾನ್ಸಿಯೇ ಸರ್ಕಾರದವರ ಹತ್ತಿರ ಹೋಗಿ, ತಂಗಿ ಅಪಾಯದವಳು ಅಂತ ಹೇಳಿದ್ದಳು. ಆಮೇಲೆ ಅದೇ ತಂಗಿಗೆ ಪ್ರೀತಿಯ ಕಾಗದ ಬರೆಯುತ್ತಲೇ ಇದ್ದಳು. ನ್ಯಾನ್ಸಿ 1973ರಲ್ಲಿ ತೀರಿಕೊಂಡು ವರ್ಷಗಳಾದ ಮೇಲೆಯೇ ಡಯಾನಾಗೆ ಇದು ಗೊತ್ತಾಗಿದ್ದು. ಇದನ್ನು ಹೇಳಿದ ರಾತ್ರಿ ಚಪ್ಪರದಡಿ ಎರಡು ಪಕ್ಷ. ದೇಶ ಮುಳುಗುವ ಹೊತ್ತಲ್ಲಿ ಹೇಳಿದ್ದು ಸರಿ ಅಂತ ಪಕ್ಕದ ಮನೆ ಸೊಸೆ, ಕಾರವಾರದ ಗೆಳತಿ. ಹೇಳುವುದಾದರೆ ತಂಗಿಯ ಮುಖಕ್ಕೆ ಹೇಳಬೇಕಿತ್ತು ಅಂತ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿ ನಿವೃತ್ತರಾದ ನಮ್ಮ ಕೆಳಮನೆಯ ಅಕ್ಕ. ಅಡಿಕೆ ಮುಗಿದರೂ ಮಾತು ಮುಗಿಯಲಿಲ್ಲ. ಕಷಾಯ ಎರಡು ಸಲ ಕಾಸಿದೆ.

ಈಗ ನನ್ನ ಮಾತಿಗೆ ಬರುತ್ತೇನೆ. ನಾನು ಇದನ್ನು ಬರೆಯಲು ಕೂತಿದ್ದೇ ಪಮೇಲಾ ಸಲುವಾಗಿ.

ಡಯಾನಾ ಜೈಲಿಗೆ ಹೋದಾಗ ಆ ಹನ್ನೊಂದು ವಾರದ ಕೂಸು, ಅದರ ಅಣ್ಣ, ಇಬ್ಬರೂ ಎಲ್ಲಿಗೆ ಹೋದರು? ಪಮೇಲಾ ಮನೆಗೆ. ಒಂದು ವರ್ಷದ ಮೇಲೆ ಅಲ್ಲೇ ಇದ್ದರು. 1943ರಲ್ಲಿ ಡಯಾನಾ, ಮೋಸ್ಲಿ ಇಬ್ಬರೂ ಜೈಲಿನಿಂದ ಹೊರಗೆ ಬಂದಾಗ ಯಾವ ಬಾಗಿಲು ತೆರೆದಿತ್ತು? ಮೊದಲು ಪಮೇಲಾ ಮನೆಯದೇ. ನ್ಯಾನ್ಸಿ ಕ್ಯಾನ್ಸರ್‌ನಿಂದ ನರಳುತ್ತಾ ವರ್ಸೇಲ್ಸ್‌ನಲ್ಲಿ ಮಲಗಿದಾಗ ಯಾರು ಹತ್ತಿರ ಇರಬೇಕು ಅಂತ ಅವಳು ಬಯಸುತ್ತಿದ್ದಳು? ಪಮೇಲಾ. ಚಿಕ್ಕಂದಿನಲ್ಲಿ ಇದೇ ನ್ಯಾನ್ಸಿ ಪಮೇಲಾಳನ್ನು ಗೋಳು ಹೊಯ್ದುಕೊಂಡಿದ್ದು ಅಷ್ಟಿಷ್ಟಲ್ಲ. ಪಮೇಲಾಗೆ ಮೂರು ವರ್ಷಕ್ಕೆ ಪೋಲಿಯೋ ಆಗಿ ಒಂದು ಕಾಲು ಸೋತಿತ್ತು. ಓಡಲು ಆಗುತ್ತಿರಲಿಲ್ಲ. ಅಕ್ಕ ಆಡಿಸಿದ್ದನ್ನು ನುಂಗಿಕೊಂಡು ಬೆಳೆದವಳು, ಕೊನೆಗೆ ಅದೇ ಅಕ್ಕನ ತಲೆದಿಂಬು ಸರಿಮಾಡಿದಳು.

ಪುಸ್ತಕದಲ್ಲಿ ಇದೆಲ್ಲ ಇದೆ. ಆದರೆ ಅಲ್ಲೊಂದು ಸಾಲು, ಇಲ್ಲೊಂದು ಸಾಲು. ಯೂನಿಟಿಗೆ, ಡಯಾನಾಗೆ, ಜೆಸಿಕಾಗೆ ಅಧ್ಯಾಯದ ಮೇಲೆ ಅಧ್ಯಾಯ. ಪಮೇಲಾ ಐವತ್ತು ಅರುವತ್ತು ಪುಟ ಪತ್ತೆಯೇ ಇರುವುದಿಲ್ಲ. ಆಮೇಲೆ ಯಾರಿಗೋ ಕಷ್ಟ ಬರುತ್ತದೆ, ಅವಳು ಬರುತ್ತಾಳೆ. ಕಷ್ಟ ತೀರಿದ ಕೂಡಲೇ ಮತ್ತೆ ಮಾಯ. ನಾನು ಪೆನ್ಸಿಲ್ ಹಿಡಿದು ಅವಳ ಹೆಸರು ಬಂದಲ್ಲೆಲ್ಲ ಗುರುತು ಹಾಕುತ್ತಾ ಹೋದೆ. ಅದನ್ನಷ್ಟೇ ಸೇರಿಸಿ ಓದಿದರೆ ಒಬ್ಬ ಪೂರ್ತಿ ಹೆಂಗಸು ಕಾಣುತ್ತಾಳೆ.

ಅವಳು ಡಯಾನಾಳ ಮೊದಲ ಗಂಡನ ಜಮೀನನ್ನು ಬಿಡೆಸ್ಡನ್ ಅನ್ನೋ ಊರಲ್ಲಿ ನಿಂತು ನಡೆಸಿದವಳು. ಕವಿ ಜಾನ್ ಬೆಟ್ಜಮನ್ ಅವಳನ್ನು ಮದುವೆಯಾಗು ಅಂತ ಕೇಳಿದ್ದ. ಒಪ್ಪಲಿಲ್ಲ. ಆಮೇಲೆ ಡೆರೆಕ್ ಜಾಕ್ಸನ್ ಅನ್ನೋ ಭೌತವಿಜ್ಞಾನಿಯನ್ನು ಮದುವೆಯಾದಳು. ಅವನು ಜೀವನದಲ್ಲಿ ಆರು ಮದುವೆ ಮಾಡಿಕೊಂಡವನು, ಇವಳು ಎರಡನೆಯವಳು. 1951ರಲ್ಲಿ ವಿಚ್ಛೇದನ ಆಯಿತು. ಮಕ್ಕಳಾಗಲಿಲ್ಲ. ತನ್ನ ಪಾಡಿಗೆ ಕೋಳಿ, ನಾಯಿ, ತರಕಾರಿ ಬೆಳೆಸಿಕೊಂಡು, ಚೆನ್ನಾಗಿ ಅಡುಗೆ ಮಾಡಿಕೊಂಡು ಬದುಕಿದಳು. ಅವಳ ಅಡುಗೆಮನೆಯ ಒಲೆ ಅವಳ ಕಣ್ಣಿನ ಬಣ್ಣದ್ದೇ ನೀಲಿ. ಹತ್ತಾರು ವರ್ಷದ ಹಿಂದೆ ಯಾವ ಊರಲ್ಲಿ, ಯಾರ ಮನೆಯಲ್ಲಿ ಏನೇನು ಊಟ ಹಾಕಿದ್ದರು ಅಂತ ಸಾಲಾಗಿ ಹೇಳುತ್ತಿದ್ದಳು.

ಇದನ್ನು ಹೇಳಿದಾಗ ಚಪ್ಪರದಡಿ ಎಲ್ಲರೂ ಒಟ್ಟಿಗೆ ದೊಡ್ಡತ್ತೆಯ ಮುಖ ನೋಡಿದರು. ದೊಡ್ಡತ್ತೆ 1968ರಲ್ಲಿ ಬನವಾಸಿ ಹತ್ತಿರದ ಮದುವೆಯೊಂದರಲ್ಲಿ ಅಪ್ಪೆಹುಳಿ ಎಷ್ಟು ಹದವಾಗಿತ್ತು, ತೊಡೆದೇವು ಯಾಕೆ ಒಡೆಯಿತು ಅಂತ ಈಗಲೂ ಹೇಳುತ್ತಾರೆ. ಆ ಮದುವೆಯ ಹುಡುಗ ಹುಡುಗಿಯ ಹೆಸರು ಬೇರೆಯವರು ಮರೆತಿರಬಹುದು. ಅತ್ತೆ ಯಾವ ಎಲೆಯಲ್ಲಿ ಬಡಿಸಿದ್ದರು ಅನ್ನುವುದನ್ನೂ ಮರೆತಿಲ್ಲ. ಇದು ಸಣ್ಣ ನೆನಪಲ್ಲ. ಯಾರು ಉಂಡರು, ಯಾರು ಉಣ್ಣದೇ ಎದ್ದರು ಅಂತ ನೋಡುವವರಿಗೆ ಮಾತ್ರ ಉಳಿಯುವ ನೆನಪು.

ಕಾರವಾರದ ಗೆಳತಿ ಇಲ್ಲೂ ನನ್ನನ್ನು ತಡೆದಳು. ಪಮೇಲಾ ಮತ್ತು ಅವಳ ಗಂಡನ ಒಲವೂ ಮೋಸ್ಲಿಯ ಕಡೆಗೇ ಇತ್ತು, ಅವಳೂ ಹಿಟ್ಲರನನ್ನು ಭೇಟಿ ಮಾಡಿದ್ದಳು, ಸುಮ್ನೆ ಅವಳನ್ನು ದೇವರು ಮಾಡಬೇಡ ಅಂದಳು. ಸರಿಯಾದ ಮಾತು. ಭೇಟಿಯಾದಾಗ ಪಮೇಲಾಗೆ ಹಿಟ್ಲರ್ ಒಬ್ಬ ಸಾಧಾರಣ ರೈತನ ಹಾಗೆ ಕಂಡನಂತೆ. ಅವಳು ರಾಜಕೀಯಕ್ಕೆ ಬೆನ್ನು ಹಾಕಿದ್ದು ಒಳ್ಳೆಯತನ ಅಂತ ನಾನು ಹೇಳುವುದಿಲ್ಲ. ಅವಳಿಗೂ ಸಿಟ್ಟು ಬರುತ್ತಿತ್ತು. 1976ರಲ್ಲಿ ಯೂನಿಟಿ ಬಗ್ಗೆ ಒಂದು ಪುಸ್ತಕ ಬಂದಾಗ, ಮನೆಯ ಫೋಟೋ ಪುಸ್ತಕವನ್ನು ಜೆಸಿಕಾ ಕದ್ದಳು ಅಂತ ಖಾರವಾಗಿ ಕಾಗದ ಬರೆದಳು. ಆ ಫೋಟೋ ಪುಸ್ತಕ ಆಮೇಲೆ ಮನೆಯಲ್ಲೇ ಸಿಕ್ಕಿತು. ಅಷ್ಟರಲ್ಲಿ ಅಕ್ಕತಂಗಿಯರ ನಡುವೆ ಮಾತು ಕೆಟ್ಟಾಗಿತ್ತು. ನನಗೆ ಬೇಕಾದದ್ದು ಇಂಥ ಪಮೇಲಾನೇ. ಒಳ್ಳೆಯವಳು ಅಂತಷ್ಟೇ ಹೇಳಿ ಬದಿಗಿಡುವ ಬದಲು, ಅವಳ ಸಿಟ್ಟು, ಅವಳ ತಪ್ಪು, ಅವಳ ಒಂಟಿತನ ಎಲ್ಲ ಒಂದು ಅಧ್ಯಾಯದಲ್ಲಿ ಬರಬೇಕಿತ್ತು. ಲೋವೆಲ್ ಕೈಯಲ್ಲಿ ಸಾಮಗ್ರಿ ಇತ್ತು. ಜಾಗ ಕೊಡಲಿಲ್ಲ.

ಡೆಬೊರಾಗೆ ನ್ಯಾಯ ಸಿಕ್ಕಿದೆ. ಗಂಡನ ಅಣ್ಣ ಯುದ್ಧದಲ್ಲಿ ಸತ್ತಿದ್ದರಿಂದ ಡೆವನ್‌ಶೈರ್ ಪದವಿ ಇವಳ ಗಂಡನಿಗೆ ಬಂತು. 1950ರಲ್ಲಿ ಮಾವ ತೀರಿಕೊಂಡಾಗ ಆಸ್ತಿಯ ನೂರಕ್ಕೆ ಎಂಬತ್ತು ಭಾಗ ತೆರಿಗೆ. ಚಾಟ್ಸ್‌ವರ್ತ್ ಅನ್ನೋ ಅರಮನೆಯಂಥ ಮನೆಯನ್ನು ಉಳಿಸಿಕೊಳ್ಳಲು ಅವಳು ಪಟ್ಟ ಪಾಡು ಚೆನ್ನಾಗಿ ಬಂದಿದೆ. ಜಮೀನಿನಲ್ಲಿ ಬೆಳೆದದ್ದನ್ನು ಅಲ್ಲೇ ಅಂಗಡಿ ಇಟ್ಟು ಮಾರಿದಳು. ನಮ್ಮ ಕ್ಯಾಶಿಯರ್ ಅಕ್ಕನಿಗೆ ಅವಳೇ ಮೆಚ್ಚು.

ಅಕ್ಕತಂಗಿಯರ ಮಾತು ಕೆಡುವ ವಿಷಯದಲ್ಲಿ ಈ ಪುಸ್ತಕದಷ್ಟು ನಿಜವಾದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಜೆಸಿಕಾ 1937ರಲ್ಲಿ ಮನೆ ಬಿಟ್ಟವಳು ಡಯಾನಾ ಜೊತೆ ಮತ್ತೆ ಸೇರಲಿಲ್ಲ. ಡಯಾನಾಳನ್ನು ಜೈಲಿನಿಂದ ಬಿಟ್ಟಾಗ, ಬಿಡಬಾರದು ಅಂತ ಚರ್ಚಿಲ್‌ಗೇ ಕಾಗದ ಬರೆದಳು. ಮೂವತ್ತು ವರ್ಷಕ್ಕೂ ಹೆಚ್ಚು ಆದ ಮೇಲೆ, ನ್ಯಾನ್ಸಿ ಕಾಯಿಲೆ ಬಿದ್ದಾಗ, ಅವಳ ಹಾಸಿಗೆ ಹತ್ತಿರ ಇಬ್ಬರೂ ಎದುರಾದರು. ಔಷಧಿ, ಊಟ, ಹೂವಿನ ಗಿಡ ಇಂಥ ಮಾತಷ್ಟೇ ಆಡಿದರು. ನ್ಯಾನ್ಸಿ ಹೋದ ಮೇಲೆ ಅದೂ ನಿಂತಿತು. ಲೋವೆಲ್ ಇಲ್ಲಿ ಏನೂ ಸೇರಿಸದೇ, ಕಣ್ಣೀರು ಹಾಕಿಸದೇ ಬರೆದಿದ್ದಾರೆ.

ಆಸ್ತಿಯೂ ಬರುತ್ತದೆ. ಟಾಮ್ 1945ರಲ್ಲಿ ಬರ್ಮಾದ ಯುದ್ಧದಲ್ಲಿ ಸತ್ತ. ಸ್ಕಾಟ್‌ಲೆಂಡಿನ ಇಂಚ್ ಕೆನೆತ್ ಅನ್ನೋ ಪುಟ್ಟ ದ್ವೀಪ ಅವನ ಹೆಸರಲ್ಲಿತ್ತು. ಉಯಿಲು ಇರಲಿಲ್ಲ. ಅಲ್ಲಿನ ಕಾನೂನಿನ ಪ್ರಕಾರ ಅಕ್ಕತಂಗಿಯರಿಗೆ ಬಂತು. ಜೆಸಿಕಾ ತನ್ನ ಪಾಲನ್ನು ಕಮ್ಯುನಿಸ್ಟ್ ಪಕ್ಷಕ್ಕೆ ಕೊಡುತ್ತೇನೆ ಅಂದಳು. ಉಳಿದವರಿಗೆ ಎಷ್ಟು ಸಿಟ್ಟು ಬಂದಿರಬೇಡ! ಆದರೂ ತಾಯಿ ಸಾಯುವವರೆಗೆ, ಅಂದರೆ 1963ರವರೆಗೆ, ಅಲ್ಲೇ ಇರಲು ಎಲ್ಲರೂ ಬಿಟ್ಟರು.

ಈ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ತವರಿನಲ್ಲೂ ಪಾಲಿನ ಮಾತು ಬಂತು. 2005ರ ಕಾನೂನು ಬಂದ ಮೇಲೆ ಕುಮಟೆಯ ದೊಡ್ಡಕ್ಕ ತನ್ನ ಪಾಲು ಕೇಳಿದಳು. ಕೇಳಿದ್ದು ತಪ್ಪಲ್ಲ. ಯಲ್ಲಾಪುರದ ತಂಗಿ ತಮ್ಮನ ಪರ ನಿಂತಳು. ಅದೂ ತಪ್ಪಲ್ಲ, ತೋಟ ಉಳಿಸಿದವನು ಅವನೇ. ಒಂದು ದಿನ ಜಗಲಿಯಲ್ಲಿ ಇಬ್ಬರೂ ಆಡಬಾರದ ಮಾತು ಆಡಿಕೊಂಡರು. ಹದಿಮೂರು ವರ್ಷ ಆಯಿತು. ಆಯಿಯ ವರ್ಷಾಂತಕ್ಕೆ ಬಂದಾಗ ಒಬ್ಬಳು ಅಡುಗೆಮನೆಯಲ್ಲಿದ್ದರೆ ಇನ್ನೊಬ್ಬಳು ಹಿತ್ತಲಲ್ಲಿ. ನಡುವೆ ನಾನು. ಫೋನು, ಸುದ್ದಿ, ಉಪ್ಪಿನಕಾಯಿ ಡಬ್ಬಿ, ಎಲ್ಲ ನನ್ನ ಕೈ ದಾಟಿಯೇ ಹೋಗಬೇಕು. ಪಮೇಲಾ ಹೆಸರಿಗೆ ಪೆನ್ಸಿಲ್ ಹಾಕಿದ್ದು ಅದಕ್ಕೇ ಇರಬೇಕು.

ಕೊಳ್ಳುವವರಿಗೆ ಒಂದೆರಡು ಮಾತು. ಕಾಗದಗಳನ್ನು ಓದುವ ಆಸೆ ಇದ್ದವರು ಆರು ಅಕ್ಕತಂಗಿಯರ ಪತ್ರಗಳ ಸಂಕಲನವನ್ನೂ ನೋಡಬಹುದು. 2007ರಲ್ಲಿ ಬಂದಿದೆ, ಡಯಾನಾಳ ಸೊಸೆ ಶಾರ್ಲಟ್ ಮೋಸ್ಲಿ ಸಂಪಾದಿಸಿದ್ದು. ಆದರೆ ಮೊದಲು ಲೋವೆಲ್ ಓದಿ. ಇಲ್ಲದಿದ್ದರೆ ಯಾರು ಯಾರಿಗೆ ಬರೆದರು ಅಂತಲೇ ಗೊತ್ತಾಗುವುದಿಲ್ಲ. ಲೋವೆಲ್ ಇಂಗ್ಲಿಷ್ ಸುಲಭ. ಪಿಯುಸಿ ಇಂಗ್ಲಿಷ್ ಚೆನ್ನಾಗಿ ಓದಿದವರು ನಿಧಾನವಾಗಿ ಓದಬಹುದು. ಯುರೋಪಿನ ಇತಿಹಾಸ ಗೊತ್ತಿಲ್ಲದಿದ್ದರೂ ತೊಂದರೆ ಇಲ್ಲ, ಬೇಕಾದಷ್ಟನ್ನು ಅವರೇ ಹೇಳುತ್ತಾರೆ. ನಡುವೆ ಫೋಟೋಗಳಿವೆ. ಕೊನೆಯ ನೂರು ಪುಟ ಸ್ವಲ್ಪ ಅವಸರ. ಸಾವುಗಳು ಒಂದರ ಹಿಂದೆ ಒಂದು ಬರುತ್ತವೆ, ನಿಂತು ಉಸಿರಾಡಲು ಜಾಗ ಇಲ್ಲ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಾರವಾರದ ಗೆಳತಿ ಮೂರು ಅನ್ನುತ್ತಾಳೆ. ದೊಡ್ಡತ್ತೆಯನ್ನು ಕೇಳಿದೆ. ಮುಂದಿನ ಕೊಯ್ಲಿಗೆ ಮತ್ತೆ ಇದನ್ನೇ ಹೇಳು ಅಂದರು.

ಪುಸ್ತಕ ಈಗ ನನ್ನ ಹತ್ತಿರ ಇಲ್ಲ. ಹೋದ ವಾರ ಕುಮಟೆ ಬಸ್ಸಿಗೆ ಕೊಟ್ಟು ದೊಡ್ಡಕ್ಕನಿಗೆ ಕಳಿಸಿದೆ. ಪಮೇಲಾ ಹೆಸರಿನ ಪೆನ್ಸಿಲ್ ಗುರುತು ಅಳಿಸಲಿಲ್ಲ. ಒಳಗೆ ಒಂದು ಚೀಟಿ ಇಟ್ಟಿದ್ದೇನೆ, ಓದಿ ಮುಗಿದ ಮೇಲೆ ಯಲ್ಲಾಪುರಕ್ಕೆ ಕಳಿಸು ಅಂತ. ವಿಳಾಸ ಬರೆದಿಲ್ಲ. ಅವಳಿಗೆ ಗೊತ್ತು.